ಒಂದು ವಾರವೂ ಮೊದಲ ಸ್ಥಾನ ಕಾಣದ ಆಲ್ಬಂ ದಶಕವನ್ನೇ ಗೆದ್ದದ್ದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಈಚೆಗೆ ನಿವೃತ್ತರಾದ ಸಹೋದ್ಯೋಗಿಯೊಬ್ಬರು ತಮ್ಮ ಪಿಕಪ್ ಟ್ರಕ್‌ನಲ್ಲಿದ್ದ ರಾಕ್ ಗಾಯಕ ಬಾಬ್ ಸೀಗರ್ ಅವರ 'ಗ್ರೇಟೆಸ್ಟ್ ಹಿಟ್ಸ್' ಸಿ.ಡಿ.ಯನ್ನು ನೆನಪಿಗೆಂದು ನನಗೆ ಕೊಟ್ಟರು. ಅದರ ಹಿನ್ನೆಲೆ ಹುಡುಕಲು ಹೋಗಿ ಗೊಂದಲಕ್ಕೆ ಬಿದ್ದೆ. 1994ರಲ್ಲಿ ಬಂದಾಗ ಅದು ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲವಂತೆ. ಆದರೆ 2000ರಿಂದ 2009ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಹಳೆಯ ಆಲ್ಬಂ ಅದೇ ಅಂತೆ. ಒಂದು ಕಡೆ ಸುಮಾರು 90 ಲಕ್ಷ ಪ್ರತಿ ಎಂದಿದೆ, ಇನ್ನೊಂದು ಕಡೆ 'ಡೈಮಂಡ್', ಅಂದರೆ ಒಂದು ಕೋಟಿ ಎಂದಿದೆ. ಕಂಪನಿಗಳು ಅಂಕಿಗಳನ್ನು ಉಬ್ಬಿಸುತ್ತವೆಯೇ? ಕೇಳಲು ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ರಾಕ್ ತಂಡವೊಂದರ ಗಾಯಕ. ಸ್ವಂತ ಖರ್ಚಿನಲ್ಲಿ ಮೂರು ಆಲ್ಬಂ ತಂದಿದ್ದಾನೆ. ಈಗ ಒಂದು ಸಂಗೀತ ಕಂಪನಿ, 'ಹತ್ತು ಹಳೆಯ ಹಾಡು, ಎರಡು ಹೊಸ ಹಾಡು ಸೇರಿಸಿ ಆಯ್ದ ಹಾಡುಗಳ ಆಲ್ಬಂ ತರುತ್ತೇವೆ, ಹಕ್ಕೆಲ್ಲ ನಮಗೆ, ನಿಮಗೆ ಇಡಿಗಂಟು ಹಣ' ಎಂದಿದೆ. ಇಂಥ ಆಲ್ಬಂ ಬಂದರೆ ಕಲಾವಿದನ ಕಥೆ ಮುಗಿದಂತೆ ಎಂದು ಅವನ ಗೆಳೆಯರು ಹೆದರಿಸಿದ್ದಾರೆ. ಅವನು ಸಹಿ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಬೇರು ಒಂದೇ. ಹಳೆಯ ಹಾಡುಗಳ ಸಂಕಲನ ಹೇಗೆ ದುಡಿಯುತ್ತದೆ, ಆ ದುಡಿಮೆ ಯಾರ ಮನೆಗೆ ಹೋಗುತ್ತದೆ ಎಂಬುದು ಗೊತ್ತಾದರೆ ತಮ್ಮನಿಗೆ ಏನು ಹೇಳಬೇಕು ಎಂಬುದು ನಿಮಗೇ ಹೊಳೆಯುತ್ತದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಗೀತ ಕಂಪನಿಗಳ ಹಳೆಯ ದಾಸ್ತಾನಿನ ವಿಭಾಗದಲ್ಲಿ ಕೆಲಸ ಮಾಡಿದವನು. ಹೊಸ ಬಿಡುಗಡೆಗಳ ವಿಭಾಗಕ್ಕೆ ಹೂಮಾಲೆ, ಫೋಟೊ, ಸಮಾರಂಭ. ನಮ್ಮ ವಿಭಾಗಕ್ಕೆ ಕಟ್ಟಡದ ಹಿಂಭಾಗದ ಕೋಣೆ. ಆದರೂ ವರ್ಷದ ಕೊನೆಗೆ ಸಂಬಳದ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ಲೆಕ್ಕಪತ್ರದವರಿಗೆ ಗೊತ್ತಿತ್ತು.

ಮೊದಲು ಅಂಕಿಗಳ ವಿಷಯ. ನೀವು ನೋಡಿದ ಎಲ್ಲ ಮಾತೂ ನಿಜ. ಅವು ಒಂದೇ ವಸ್ತುವನ್ನು ಅಳೆಯುತ್ತಿಲ್ಲ, ಅಷ್ಟೇ.

ಬಿಲ್‌ಬೋರ್ಡ್ ಪಟ್ಟಿ ಒಂದು ವಾರದ ಓಟವನ್ನು ಅಳೆಯುತ್ತದೆ. 2014ರ ಕೊನೆಯಲ್ಲಿ ಸ್ಟ್ರೀಮಿಂಗ್ ಸೇರುವವರೆಗೆ ಆ ವಾರ ಯಾರು ಹೆಚ್ಚು ಮಾರಿದರು ಎಂಬುದಷ್ಟೇ ಅದಕ್ಕೆ ಮುಖ್ಯವಾಗಿತ್ತು. ಹೊಸ ಆಲ್ಬಂ ಎಂದರೆ ಮಾವಿನ ಹಣ್ಣಿನ ಹಾಗೆ. ಋತುವಿನಲ್ಲಿ ಬುಟ್ಟಿ ಬುಟ್ಟಿ ಬರುತ್ತದೆ, ಆಮೇಲೆ ಮರ ಖಾಲಿ. ಗ್ರೇಟೆಸ್ಟ್ ಹಿಟ್ಸ್ ತೆಂಗಿನ ಮರ. ಒಂದೇ ಸಲ ಸುರಿಯುವುದಿಲ್ಲ, ಆದರೆ ಕಾಯಿ ಕೀಳದ ತಿಂಗಳೇ ಇರುವುದಿಲ್ಲ. 1994ರ ಅಕ್ಟೋಬರ್‌ನಲ್ಲಿ ಕ್ಯಾಪಿಟಲ್ ಕಂಪನಿಯಿಂದ ಬಂದ ಸೀಗರ್ ಸಂಕಲನ ಎಂಟನೆಯ ಸ್ಥಾನ ಮುಟ್ಟಿ ಕೆಳಗಿಳಿಯಿತು. ಆಮೇಲೆ ವರ್ಷಗಟ್ಟಲೆ ಮಾರಾಟವಾಗುತ್ತಲೇ ಇದ್ದರೂ ಮುಖ್ಯ ಪಟ್ಟಿಯಲ್ಲಿ ಕಾಣಿಸಲಿಲ್ಲ. ಅದಕ್ಕೆ ಕಾರಣ ಒಂದು ನಿಯಮ. ಹದಿನೆಂಟು ತಿಂಗಳು ದಾಟಿ, ನೂರನೆಯ ಸ್ಥಾನಕ್ಕಿಂತ ಕೆಳಗೆ ಬಿದ್ದ ಆಲ್ಬಂಗಳನ್ನು ಬಿಲ್‌ಬೋರ್ಡ್ ತನ್ನ ಮುಖ್ಯ ಪಟ್ಟಿಯಿಂದ ತೆಗೆದು 'ಕ್ಯಾಟಲಾಗ್' ಎಂಬ ಬೇರೆ ಪಟ್ಟಿಗೆ ಹಾಕುತ್ತಿತ್ತು. ಹೊಸಬರಿಗೆ ಜಾಗ ಸಿಗಲಿ ಎಂಬುದು ಉದ್ದೇಶ. 2009ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಈ ನಿಯಮ ನಗೆಪಾಟಲಾಯಿತು. ಅವರ 'ನಂಬರ್ ಒನ್ಸ್' ಸಂಕಲನ ದೇಶದಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿತ್ತು, ಆದರೆ ಮುಖ್ಯ ಪಟ್ಟಿಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ಆ ವರ್ಷದ ಕೊನೆಗೆ ಬಿಲ್‌ಬೋರ್ಡ್ ನಿಯಮ ಬದಲಿಸಿತು. ಸೀಗರ್ ಅವರ ಸಂಕಲನ ದಶಕದ ಅಗ್ರ ಕ್ಯಾಟಲಾಗ್ ಆಲ್ಬಂ ಎಂದು ಹೆಸರು ಪಡೆದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 2009ರ ಡಿಸೆಂಬರ್‌ನಲ್ಲಿ.

90 ಲಕ್ಷ ಮತ್ತು ಒಂದು ಕೋಟಿಯ ನಡುವಿನ ಅಂತರ ಅಳತೆಗೋಲಿನದು. ಮೊದಲನೆಯದು ಸೌಂಡ್‌ಸ್ಕ್ಯಾನ್ ಲೆಕ್ಕ. 1991ರಲ್ಲಿ ಬಿಲ್‌ಬೋರ್ಡ್ ಇದನ್ನು ಬಳಸತೊಡಗಿತು. ಅಂಗಡಿಯ ಗಲ್ಲಾದಲ್ಲಿ ಬಾರ್‌ಕೋಡ್ ಓದಿದಾಗ ಇಲ್ಲಿ ಒಂದು ಪ್ರತಿ ಏರುತ್ತಿತ್ತು. ಎರಡನೆಯದು ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘ, ಅಂದರೆ ಆರ್‌ಐಎಎ ಕೊಡುವ ಪದಕ. ಅದು ಕಂಪನಿಯ ಗೋದಾಮಿನಿಂದ ಹೊರಟ ಪ್ರತಿಗಳಲ್ಲಿ ವಾಪಸು ಬಂದವನ್ನು ಕಳೆದು ಲೆಕ್ಕ ಹಾಕುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ರೆಕಾರ್ಡ್ ಕ್ಲಬ್‌ಗಳಿದ್ದವು. ಒಂದು ಪೆನ್ನಿಗೆ, ಅಂದರೆ ಒಂದು ಸೆಂಟ್‌ಗೆ, ಎಂಟೋ ಹನ್ನೆರಡೋ ಆಲ್ಬಂ ಎಂದು ಆಸೆ ತೋರಿಸಿ, ಆಮೇಲೆ ಪೂರ್ಣ ಬೆಲೆಗೆ ಅಂಚೆಯಲ್ಲಿ ಸಿ.ಡಿ. ಕಳುಹಿಸುವ ವ್ಯಾಪಾರ. ಅವುಗಳ ಮೂಲಕ ಹೋದ ಪ್ರತಿ ಸೌಂಡ್‌ಸ್ಕ್ಯಾನ್ ಕಣ್ಣಿಗೆ ಬೀಳುತ್ತಿರಲಿಲ್ಲ, ಪದಕದ ಲೆಕ್ಕಕ್ಕೆ ಸೇರುತ್ತಿತ್ತು. ಇಂಥ ಕ್ಲಬ್‌ಗೆ ಸೇರಿದವರು ಮೊದಲು ಗುರುತು ಹಾಕುತ್ತಿದ್ದುದೇ ಗ್ರೇಟೆಸ್ಟ್ ಹಿಟ್ಸ್‌ಗಳಿಗೆ. 2016ರಿಂದ ಸ್ಟ್ರೀಮಿಂಗ್ ಕೂಡ ಪದಕಕ್ಕೆ ಸೇರಿದೆ. 1,500 ಸಲ ಹಾಡು ಕೇಳಿದರೆ ಒಂದು ಆಲ್ಬಂ ಮಾರಿದಂತೆ. ಹಾಗಾಗಿ ಇಂದಿನ 'ಡೈಮಂಡ್' ಎಂದರೆ ಒಂದು ಕೋಟಿ ಜನ ಅಂಗಡಿಗೆ ಹೋಗಿ ಕೊಂಡರು ಎಂದಾಗಬೇಕಿಲ್ಲ.

ಇದು ಸುಳ್ಳಲ್ಲ, ಆದರೆ ಓದುವಾಗ ಎಚ್ಚರ ಬೇಕು. ಬಿಲ್ಲಿ ಜೋಯೆಲ್ ಅವರ 1985ರ ಗ್ರೇಟೆಸ್ಟ್ ಹಿಟ್ಸ್ ಎರಡು ಸಂಪುಟಗಳ ಜೋಡಿ. ಅದರ ಹೆಸರಿನಲ್ಲಿ 23 ಪ್ಲಾಟಿನಂ ಇವೆ, ಒಂದು ಪ್ಲಾಟಿನಂ ಎಂದರೆ ಹತ್ತು ಲಕ್ಷ. ಎರಡು ತಟ್ಟೆ ಇದ್ದುದರಿಂದ ಪ್ರತಿಯೊಂದು ಮಾರಾಟವನ್ನೂ ಎರಡೆಂದು ಎಣಿಸಿದರು. ಅಂದರೆ ಪೆಟ್ಟಿಗೆ ಕೊಂಡವರು ಅದರ ಅರ್ಧ. ಈಗಲ್ಸ್ ತಂಡದ 1976ರ ಸಂಕಲನ 2006ರಿಂದ 29 ಪ್ಲಾಟಿನಂನಲ್ಲೇ ನಿಂತಿತ್ತು. 2018ರಲ್ಲಿ ಕಂಪನಿ ಮತ್ತೆ ಲೆಕ್ಕ ಒಪ್ಪಿಸಿದಾಗ ಅದು ಒಮ್ಮೆಲೇ 38 ಆಯಿತು, 33ರಲ್ಲಿದ್ದ ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್' ಅನ್ನು ಹಿಂದೆ ಹಾಕಿತು. ಕಂಪನಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೆಕ್ಕ ತೋರಿಸಿದಾಗ ಮಾತ್ರ ಪದಕ ಸಿಗುತ್ತದೆ. ಪತ್ರಿಕೆಗಳು ಇದನ್ನು ಒಂದೇ ರಾತ್ರಿಯ ಪವಾಡದಂತೆ ಬರೆಯುವುದು ನೋಡಿ ನಮ್ಮ ವಿಭಾಗದವರು ನಗುತ್ತಿದ್ದೆವು.

ಈಗ ಸೀಗರ್ ಅವರ ಸಂಕಲನ ಯಾಕೆ ಅಷ್ಟು ಬಾಳಿಕೆ ಬಂತು ಎಂಬುದಕ್ಕೆ ಬರೋಣ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸೀಗರ್ ನಿಮ್ಮ ಮಿಷಿಗನ್ ರಾಜ್ಯದವರೇ, ಆ್ಯನ್ ಆರ್ಬರ್‌ನಲ್ಲಿ ಬೆಳೆದವರು. 1976ರ 'ಲೈವ್ ಬುಲೆಟ್' ಮತ್ತು 'ನೈಟ್ ಮೂವ್ಸ್' ಬರುವವರೆಗೆ ಅವರ ಹೆಸರು ತಮ್ಮ ಸೀಮೆಯಾಚೆ ಅಷ್ಟಾಗಿ ದಾಟಿರಲಿಲ್ಲ. ನಿಮ್ಮ ಸಿ.ಡಿ.ಯಲ್ಲಿರುವ ಹದಿನಾಲ್ಕು ಹಾಡುಗಳಲ್ಲಿ ಎರಡು ಹೊಸವು, ಉಳಿದ ಹನ್ನೆರಡು 1976ರಿಂದ 1991ರವರೆಗಿನ ಬೇರೆ ಬೇರೆ ಆಲ್ಬಂಗಳಿಂದ ಹೆಕ್ಕಿದವು. ಒಂದು ಆಲ್ಬಂನಿಂದ ಎರಡು, ಇನ್ನೊಂದರಿಂದ ನಾಲ್ಕು, ಮತ್ತೊಂದರಿಂದ ಒಂದು. ಅವನ್ನೆಲ್ಲ ಬೇಕೆನ್ನುವವನು ಏಳೆಂಟು ಸಿ.ಡಿ. ಕೊಳ್ಳಬೇಕಿತ್ತು. ಜೊತೆಗೆ ಅದು ಮನೆಯಲ್ಲಿದ್ದ ಎಲ್.ಪಿ. ತಟ್ಟೆಗಳನ್ನು ಅಟ್ಟಕ್ಕೆ ಹಾಕಿ ಜನ ಸಿ.ಡಿ.ಗೆ ಬದಲಾಗುತ್ತಿದ್ದ ಕಾಲ. ಹಳೆಯ ಆಲ್ಬಂಗಳನ್ನೆಲ್ಲ ಮತ್ತೆ ಕೊಳ್ಳುವ ಬದಲು ಒಂದನ್ನು ಕೊಂಡು ತೃಪ್ತಿಪಟ್ಟರು.

ಎರಡನೆಯ ಕಾರಣ ನಿಮ್ಮ ಉದ್ಯಮದಲ್ಲೇ ಇದೆ. ಸೀಗರ್ ಅವರ 'ಲೈಕ್ ಎ ರಾಕ್' ಹಾಡನ್ನು ಷೆವರ್ಲೆ ಕಂಪನಿ 1991ರಿಂದ 2004ರವರೆಗೆ ತನ್ನ ಟ್ರಕ್ ಜಾಹೀರಾತಿಗೆ ಬಳಸಿತು. ಹದಿಮೂರು ವರ್ಷ ಟಿ.ವಿ.ಯಲ್ಲಿ ಬೇರೆಯವರ ಖರ್ಚಿನಲ್ಲಿ ಪ್ರಚಾರ! ಯಾವ ಸಂಗೀತ ಕಂಪನಿಯ ಪ್ರಚಾರ ವಿಭಾಗಕ್ಕೂ ಕನಸಿನಲ್ಲೂ ಸಿಗದ ಭಾಗ್ಯ ಅದು. ನಿಮ್ಮ ಸಹೋದ್ಯೋಗಿಯ ಸಿ.ಡಿ. ಪಿಕಪ್ ಟ್ರಕ್‌ನಲ್ಲಿತ್ತು ಎಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಮೂರನೆಯದು ಅಂಗಡಿಯ ಕಪಾಟು. 2000ದ ನಂತರ ಅಮೆರಿಕದಲ್ಲಿ ಸಂಗೀತಕ್ಕೆಂದೇ ಇದ್ದ ಅಂಗಡಿಗಳು ಮುಚ್ಚುತ್ತಾ ಬಂದವು. ಸೋಪು, ಹಾಲು, ಟೈರು ಮಾರುವ ವಾಲ್‌ಮಾರ್ಟ್‌ನಂಥ ದೊಡ್ಡ ಮಳಿಗೆಗಳೇ ಸಿ.ಡಿ. ಮಾರುವ ಮುಖ್ಯ ಜಾಗವಾದವು. ಅಲ್ಲಿ ಒಬ್ಬ ಹಳೆಯ ಗಾಯಕನಿಗೆ ಒಂದೇ ಖಾನೆ. ಆ ಖಾನೆಯಲ್ಲಿ ಯಾವುದನ್ನು ಇಡುತ್ತಾರೆ? ಹಿಟ್ಸ್ ಸಂಕಲನವನ್ನೇ, ಅದೂ ಹೊಸ ಸಿ.ಡಿ.ಗಿಂತ ಕಡಿಮೆ ಬೆಲೆಗೆ. ಸೀಗರ್ ಕಡೆಯವರಿಗೆ ಈ ಮಾರ್ಗ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, 2009ರಲ್ಲಿ ತಮ್ಮ ಆರಂಭದ ಹಾಡುಗಳ ಒಂದು ಸಿ.ಡಿ.ಯನ್ನು ಅವರು ಮಿಷಿಗನ್ ಮೂಲದ ಮೈಯರ್ ಮಳಿಗೆಗಳ ಮೂಲಕವೇ ಬಿಡುಗಡೆ ಮಾಡಿದರು. ನೀವು ವಾರದ ತರಕಾರಿ ತರುವ ಅಂಗಡಿಯೂ ಅದೇ ಇರಬಹುದು.

ಕೊನೆಯ ಕಾರಣ ಹೆಚ್ಚಿನವರಿಗೆ ವಿಚಿತ್ರವೆನಿಸುತ್ತದೆ. 2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆದು 99 ಸೆಂಟ್‌ಗೆ ಒಂದು ಹಾಡು ಮಾರತೊಡಗಿದಾಗ, ಆಲ್ಬಂ ಎಂಬ ಕಂತೆ ಬಿಚ್ಚಿಹೋಯಿತು. ಬೇಕಾದ ಒಂದು ಹಾಡು ಕೊಂಡು ಉಳಿದದ್ದನ್ನು ಬಿಡಬಹುದಿತ್ತು. ಸೀಗರ್ ಅವರ ಮುಖ್ಯ ಹಾಡುಗಳು ಮಾತ್ರ ಬಹುಕಾಲ ಹಾಗೆ ಬಿಡಿಬಿಡಿಯಾಗಿ ಸಿಗಲಿಲ್ಲ. ಸ್ಟ್ರೀಮಿಂಗ್‌ಗಂತೂ ಅವರು ಬಂದದ್ದು 2017ರ ಜೂನ್‌ನಲ್ಲಿ. ರೇಡಿಯೊದಲ್ಲಿ ದಿನವೂ ಕೇಳುವ ಹಾಡು ಬೇಕೆಂದರೆ ಇಡೀ ಸಿ.ಡಿ. ಕೊಳ್ಳುವುದೇ ದಾರಿ. ಈ ಹಟ ಅವರ ಸಂಕಲನವನ್ನು ಆ ದಶಕದಲ್ಲಿ ಎತ್ತಿ ಹಿಡಿಯಿತು ಎಂಬುದು ನನ್ನ ಅಂದಾಜು. ಅದೇ ಹಟ ಇನ್ನೊಂದು ಕಡೆ ನಷ್ಟವನ್ನೂ ಮಾಡಿರಬೇಕು. ಮೊಬೈಲ್‌ನಲ್ಲೇ ಹಾಡು ಕೇಳಿ ಬೆಳೆದ ಒಂದು ಪೀಳಿಗೆಗೆ ಅವರ ಪರಿಚಯವೇ ಆಗಲಿಲ್ಲ. ನಿಮ್ಮ ತಮ್ಮ ಇದನ್ನು ಅನುಕರಿಸಬಾರದು. ಮೊದಲೇ ಪ್ರಸಿದ್ಧನಾದವನು ಬಾಗಿಲು ಮುಚ್ಚಿದರೆ ಜನ ಕಾಯುತ್ತಾರೆ. ಉಳಿದವರು ಮುಚ್ಚಿದರೆ ಯಾರಿಗೂ ತಿಳಿಯುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಆ ಸಿ.ಡಿ.ಯಲ್ಲಿ ಇಲ್ಲದ ಒಂದು ಹಾಡಿನ ಬಗ್ಗೆ ಹೇಳಬೇಕು. ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿಯಲ್ಲಿ ಸೀಗರ್ ಮೊದಲ ಸ್ಥಾನ ಪಡೆದದ್ದು ಒಂದೇ ಸಲ, 1987ರ 'ಶೇಕ್‌ಡೌನ್'. ಅದು 'ಗ್ರೇಟೆಸ್ಟ್ ಹಿಟ್ಸ್'ನಲ್ಲಿ ಇಲ್ಲ! ಆ ಹಾಡು ಚಲನಚಿತ್ರವೊಂದಕ್ಕಾಗಿ ಮಾಡಿದ್ದು. ಸೀಗರ್ ಇದ್ದದ್ದು ಕ್ಯಾಪಿಟಲ್‌ನಲ್ಲಿ, ಚಿತ್ರದ ಹಾಡುಗಳ ಆಲ್ಬಂ ಬಂದದ್ದು ಎಂಸಿಎ ಕಂಪನಿಯಿಂದ. 2003ರ ಎರಡನೆಯ ಸಂಕಲನದಲ್ಲಷ್ಟೇ ಅದಕ್ಕೆ ಜಾಗ ಸಿಕ್ಕಿತು. ಇಂಥ ಸಂಕಲನದಲ್ಲಿ ಏನಿರಬೇಕು ಎಂಬುದನ್ನು ಜನಪ್ರಿಯತೆಯಷ್ಟೇ ತೀರ್ಮಾನಿಸುವುದಿಲ್ಲ. ಧ್ವನಿಮುದ್ರಣದ ಒಡೆತನ ಯಾರದು ಎಂಬ ಪ್ರಶ್ನೆ ಪ್ರತಿ ಹಾಡಿನ ಬೆನ್ನಿಗೂ ಇರುತ್ತದೆ.

ಇನ್ನೊಂದು ಉದಾಹರಣೆ ನಿಮ್ಮ ತಮ್ಮನಿಗೆ ಇನ್ನೂ ಹತ್ತಿರ. ಸೀಗರ್ ಎಂದರೆ ಜನ ಮೊದಲು ಹೇಳುವ ಹಾಡು 'ಓಲ್ಡ್ ಟೈಮ್ ರಾಕ್ ಆ್ಯಂಡ್ ರೋಲ್'. ಅದನ್ನು ಬರೆದವರೆಂದು ದಾಖಲಾಗಿರುವುದು ಜಾರ್ಜ್ ಜಾಕ್ಸನ್ ಮತ್ತು ಥಾಮಸ್ ಜೋನ್ಸ್. ಸೀಗರ್ ಅದರ ಚರಣಗಳನ್ನು ತಿದ್ದಿ ಬರೆದರೂ ತಮ್ಮ ಹೆಸರು ಸೇರಿಸಿ ಎಂದು ಕೇಳಲಿಲ್ಲ. ಹಣದ ವಿಷಯದಲ್ಲಿ ಅದು ದಡ್ಡತನವಾಯಿತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಗಾಯಕನಾಗಿ ಅವರಿಗೆ ಪಾಲು ಬರುತ್ತದೆ, ಆದರೆ ರಚನೆಯ ಗೌರವಧನ, ಅಂದರೆ ರಾಯಲ್ಟಿ, ಒಂದು ಕಾಸೂ ಬರುವುದಿಲ್ಲ. ಸಂಕಲನಕ್ಕೆ ಹೊಸದಾಗಿ ಸೇರಿಸಿದ ಎರಡು ಹಾಡುಗಳಲ್ಲಿಯೂ ಒಂದು ಚಕ್ ಬೆರಿ ಅವರ ಹಳೆಯ ರಚನೆ. ಹೊರಗಿನಿಂದ ನೋಡಿದವರಿಗೆ ಒಂದು ಕೋಟಿಯ ಪದಕ ಒಬ್ಬರ ಗೋಡೆಯ ಮೇಲೆ ಕಾಣುತ್ತದೆ. ಹಣ ಮಾತ್ರ ಹತ್ತು ಮನೆಗೆ ಹರಿದಿರುತ್ತದೆ.

'ಕಥೆ ಮುಗಿಯಿತು' ಎಂಬ ಮಾತಿಗೆ ಬರುತ್ತೇನೆ. ಎಲ್ಟನ್ ಜಾನ್ ಅವರ ಮೊದಲ ಗ್ರೇಟೆಸ್ಟ್ ಹಿಟ್ಸ್ 1974ರ ನವೆಂಬರ್‌ನಲ್ಲಿ ಬಂತು, ಹತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅವರ ಮುಂದಿನ ಆಲ್ಬಂ 1975ರಲ್ಲಿ ಬಿಲ್‌ಬೋರ್ಡ್ ಪಟ್ಟಿಗೆ ನೇರವಾಗಿ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು. ಹಾಗೆ ಕಾಲಿಟ್ಟ ಮೊದಲ ಆಲ್ಬಂ ಅದೇ. ಟಾಮ್ ಪೆಟ್ಟಿ ಅವರ ಕಥೆ ಇನ್ನೂ ಸ್ವಾರಸ್ಯ. ಅವರು ಎಂಸಿಎ ಕಂಪನಿಯಲ್ಲಿ ಇದ್ದುಕೊಂಡೇ 1989ರಲ್ಲಿ ಗುಟ್ಟಾಗಿ ವಾರ್ನರ್ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಹಳೆಯ ಕಂಪನಿಯ ಋಣ ತೀರಿಸುವ ಹೊತ್ತಿನಲ್ಲಿ, 1993ರ ನವೆಂಬರ್‌ನಲ್ಲಿ, ಗ್ರೇಟೆಸ್ಟ್ ಹಿಟ್ಸ್ ಬಂತು. ಅದಕ್ಕೆಂದು ಮಾಡಿದ ಹೊಸ ಹಾಡು 'ಮೇರಿ ಜೇನ್ಸ್ ಲಾಸ್ಟ್ ಡ್ಯಾನ್ಸ್' ಹಾಡುಗಳ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೆ ಏರಿತು. ಸಂಕಲನ 2015ರ ಹೊತ್ತಿಗೆ 12 ಪ್ಲಾಟಿನಂ ಮುಟ್ಟಿತ್ತು. ಮರುವರ್ಷ ವಾರ್ನರ್‌ನಿಂದ ಬಂದ 'ವೈಲ್ಡ್‌ಫ್ಲವರ್ಸ್' ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದು ಎಣಿಸುವವರಲ್ಲಿ ನಾನೂ ಒಬ್ಬ. ಇವರ ಕಥೆ ಮುಗಿಯಲಿಲ್ಲ.

ಆದರೂ ಗೆಳೆಯರ ಭಯ ಪೂರ್ತಿ ಪೊಳ್ಳಲ್ಲ. ಸೀಗರ್ ಸಂಕಲನದ ನಂತರ 1995ರಲ್ಲಿ ಒಂದು ಸ್ಟುಡಿಯೊ ಆಲ್ಬಂ ತಂದರು, ಮುಂದಿನದು ಬಂದದ್ದು 2006ರಲ್ಲಿ. ಹನ್ನೊಂದು ವರ್ಷದ ಅಂತರ. ಮನೆ, ಮಕ್ಕಳು ಎಂದು ಅವರು ಬೇಕೆಂದೇ ಹಿಂದೆ ಸರಿದಿದ್ದರು ಎಂಬುದು ನಿಜ. ಆದರೆ ತೆಂಗಿನ ತೋಟ ತಾನಾಗಿ ಫಸಲು ಕೊಡುವಾಗ ಹೊಸ ಗದ್ದೆ ಉಳುವ ಅವಸರ ಯಾರಿಗೂ ಕಡಿಮೆಯೇ.

ಈಗ ನಿಮ್ಮ ತಮ್ಮನ ಕಾಗದ. ಅವರ ಮುಂದೆ ನನಗೆ ಕಾಣುವುದು ಮೂರು ದಾರಿ.

ಕಂಪನಿ ಹೇಳಿದಂತೆ ಇಡಿಗಂಟು ತೆಗೆದುಕೊಂಡು ಹಕ್ಕೆಲ್ಲ ಬರೆದುಕೊಡುವುದು ಒಂದು. ಕೈಯಲ್ಲಿ ಹಣ ಬರುತ್ತದೆ, ಸಾಲವಿದ್ದರೆ ತೀರುತ್ತದೆ. ಆದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ 60 ವರ್ಷ. ಒಂದು ಹಾಡು ನಾಳೆ ಯಾವುದೋ ಸಿನಿಮಾಕ್ಕೋ ಜಾಹೀರಾತಿಗೋ ಹೋದರೆ ಧ್ವನಿಮುದ್ರಣಕ್ಕೆ ಸಿಗುವ ಹಣ ಕಂಪನಿಯದು. 'ಲೈಕ್ ಎ ರಾಕ್' 1986ರಲ್ಲಿ ಬಂದ ಆಲ್ಬಂನ ಹಾಡು, ಟ್ರಕ್ ಜಾಹೀರಾತು ಶುರುವಾದದ್ದು ಐದು ವರ್ಷಗಳ ನಂತರ. ಯಾವ ಹಾಡು ಯಾವಾಗ ಎದ್ದು ಕೂರುತ್ತದೆ ಎಂದು ಸಹಿ ಹಾಕುವ ದಿನ ಯಾರಿಗೂ ತಿಳಿದಿರುವುದಿಲ್ಲ. ಇಡಿಗಂಟು ಪಡೆದು ಐದಾರು ವರ್ಷದ ನಂತರ ನನ್ನ ಬಳಿ ಬಂದು ಕೂತವರ ಮುಖಗಳು ನನಗೆ ಇನ್ನೂ ನೆನಪಿವೆ. ಅವರ ಕಾಗದ ಓದಿ 'ಏನೂ ಮಾಡಲಾಗದು' ಎನ್ನುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಕೆಲಸ.

ಇಲ್ಲಿ ಒಂದು ರಕ್ಷಣೆ ಇದೆ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಾಹಿತ್ಯ ಬರೆದವರು ಮತ್ತು ಸಂಗೀತ ರಚಿಸಿದವರು ತಮ್ಮ ಗೌರವಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತೆ ಬರೆಸಿಕೊಂಡರೂ ಆ ಮಾತು ನಡೆಯುವುದಿಲ್ಲ. ಆ ಪಾಲು ಕೈಗೆ ಬರಬೇಕಾದರೆ ಹಾಡುಗಳು ಯಾರ ಹೆಸರಿನಲ್ಲಿವೆ ಎಂಬುದು ದಾಖಲಾಗಿರಬೇಕು. ತಂಡಗಳಲ್ಲಿ 'ಎಲ್ಲರೂ ಸೇರಿ ಮಾಡಿದ್ದು' ಎಂದು ಬಾಯಿಮಾತಿನಲ್ಲಿ ಬಿಡುವುದು ರೂಢಿ. ಗಿಟಾರ್ ನುಡಿಸುವವರು ತಂಡ ಬಿಟ್ಟ ಮರುದಿನ ಆ ಬಾಯಿಮಾತಿಗೆ ಬೆಲೆ ಇರುವುದಿಲ್ಲ. ಪ್ರತಿ ಹಾಡಿಗೂ ಯಾರ ಸಾಹಿತ್ಯ, ಯಾರ ರಾಗ, ಎಷ್ಟು ಪಾಲು ಎಂದು ಈಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಹಾಡು ಬರೆದವರ, ಸಂಗೀತ ರಚಿಸಿದವರ ಪಾಲನ್ನು ಸಂಗ್ರಹಿಸಿ ಕೊಡುವ ಸಂಘವಾದ ಐಪಿಆರ್‌ಎಸ್ ಸದಸ್ಯತ್ವ ಇಲ್ಲದಿದ್ದರೆ ಮಾಡಿಸಿಕೊಳ್ಳಲಿ.

ಎರಡನೆಯ ದಾರಿ, ಹಕ್ಕು ತಮ್ಮಲ್ಲೇ ಉಳಿಸಿಕೊಂಡು ಮೂರೋ ಐದೋ ವರ್ಷಕ್ಕೆ ಕಂಪನಿಗೆ ಬಳಕೆಯ ಅನುಮತಿ ಕೊಡುವುದು. ಮುಂಗಡ ಹಣ ಕಡಿಮೆಯಾಗುತ್ತದೆ, ಆಮೇಲೆ ಬಂದುದರಲ್ಲಿ ಪಾಲು. ಇಲ್ಲಿಯ ಅಪಾಯ ಲೆಕ್ಕ ಕೊಡದ ಕಂಪನಿ. ಆರು ತಿಂಗಳಿಗೊಮ್ಮೆ ವಿವರ, ಬೇಕಾದಾಗ ಲೆಕ್ಕಪುಸ್ತಕ ನೋಡುವ ಹಕ್ಕು, ಇವೆರಡೂ ಬರಹದಲ್ಲಿರಬೇಕು. ಅವಧಿ ಮತ್ತು ಪ್ರದೇಶವನ್ನು ಸ್ಪಷ್ಟವಾಗಿ ಬರೆಸಿ. ಎರಡನ್ನೂ ಬರೆಯದೆ ಬಿಟ್ಟರೆ ಕಾಯಿದೆ ಐದು ವರ್ಷ ಮತ್ತು ಭಾರತ ಎಂದು ಭಾವಿಸುತ್ತದೆ. ಆದರೆ ಕಂಪನಿಯ ವಕೀಲರು ಬಿಡುವುದಿಲ್ಲ, 'ಜಗತ್ತಿನಾದ್ಯಂತ, ಶಾಶ್ವತವಾಗಿ' ಎಂದು ತುಂಬಿಯೇ ಕಳುಹಿಸುತ್ತಾರೆ. ಅದನ್ನು ಹೊಡೆದುಹಾಕಿಸಬೇಕು. ಹಾಗೆಯೇ ಆ ಹಾಡುಗಳನ್ನು ಇಷ್ಟು ವರ್ಷ ಮತ್ತೆ ಹಾಡಿ ಧ್ವನಿಮುದ್ರಿಸಬಾರದು ಎಂಬ ಷರತ್ತು ಎಲ್ಲಿಯಾದರೂ ಅಡಗಿದೆಯೇ ನೋಡಿ.

ಮೂರನೆಯದು ತಾವೇ ಬಿಡುಗಡೆ ಮಾಡುವುದು. ಡಿಜಿಟಲ್ ವಿತರಕರ ಮೂಲಕ ಇದು ಸುಲಭ. ಆದರೆ ಸಂಕಲನವೊಂದೇ ಹೊಸ ಕೇಳುಗರನ್ನು ತಂದುಕೊಡುತ್ತದೆ ಎಂಬ ನಿರೀಕ್ಷೆ ಬೇಡ. ಈಗ ಕೇಳುಗರು ತಮ್ಮ ಆಯ್ದ ಪಟ್ಟಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 'ಕ್ರಾನಿಕಲ್' ಸಂಕಲನ ಬಿಲ್‌ಬೋರ್ಡ್‌ನಲ್ಲಿ ಐನೂರು ವಾರ ದಾಟಿದೆ. ಅದರ ಹಾಡುಗಳು ಮೊದಲೇ ಜನರ ಬಾಯಲ್ಲಿದ್ದವು. ಹಳೆಯ ಹಾಡನ್ನು ಸಂಕಲನಕ್ಕೆ ಸೇರಿಸುವಾಗ ಅದರ ಹಳೆಯ ಐಎಸ್‌ಆರ್‌ಸಿ ಸಂಕೇತವನ್ನೇ, ಅಂದರೆ ಪ್ರತಿ ಧ್ವನಿಮುದ್ರಣಕ್ಕೂ ಇರುವ ಗುರುತಿನ ಸಂಖ್ಯೆಯನ್ನೇ, ಬಳಸಬೇಕು. ಹೊಸ ಸಂಕೇತ ಕೊಟ್ಟರೆ ಇಷ್ಟು ವರ್ಷ ಕೂಡಿಟ್ಟ ಕೇಳಿಕೆಯ ಲೆಕ್ಕ ಒಡೆದುಹೋಗುತ್ತದೆ. ಇದು ಚಿಕ್ಕ ವಿಷಯ, ಆದರೆ ಎಷ್ಟೋ ತಂಡಗಳು ಇಲ್ಲೇ ಎಡವುತ್ತವೆ.

ಹಾಗಾದರೆ ಸಹಿ? ನೀವು ವಿವರಿಸಿದ ರೂಪದ ಕಾಗದಕ್ಕೆ ಬೇಡ. ಸ್ವಂತ ಖರ್ಚಿನಲ್ಲಿ ಮಾಡಿದ ಮೂರು ಆಲ್ಬಂಗಳ ಮೂಲ ಧ್ವನಿಮುದ್ರಣ ನಿಮ್ಮ ತಮ್ಮನ ಕೈಯಲ್ಲೇ ಇದೆ. ಕಂಪನಿ ಕೊಳ್ಳಲು ಹೊರಟಿರುವುದು ಅದನ್ನೇ, ಆಲ್ಬಂ ಎಂಬುದು ನೆಪ. ಎರಡನೆಯ ದಾರಿಗೆ ಅವರು ಒಪ್ಪುತ್ತಾರೆಯೇ ಕೇಳಲಿ. ಒಪ್ಪಿದರೆ ಕೃತಿಸ್ವಾಮ್ಯದ ವಿಷಯ ಬಲ್ಲ ವಕೀಲರೊಬ್ಬರಿಗೆ ಕಾಗದ ತೋರಿಸಿ ಮುಂದುವರಿಯಲಿ. ಒಪ್ಪದಿದ್ದರೆ ಕಾಫಿ ಕುಡಿದು ನಮಸ್ಕಾರ ಹೇಳಿ ಬರಲಿ. ಯಾವ ದಾರಿಯಾದರೂ ಆ ಎರಡು ಹೊಸ ಹಾಡುಗಳ ಹಕ್ಕನ್ನು ಹಳೆಯ ಹತ್ತರ ಜೊತೆ ಒಂದೇ ಕಂತೆಯಲ್ಲಿ ಕಟ್ಟಬಾರದು. ಅವಕ್ಕೆ ಬೇರೆಯೇ ಕಾಗದ, ಬೇರೆಯೇ ಬೆಲೆ.